ಬಾಡದ ಮಾಲೆ, ಬಾಡುವ ಮಾಲೆ



ಸಾಂಗಲಿ ಪೇಟೆಯ ಕೆಲವು ವ್ಯಾಪಾರಸ್ಥ ಭಕ್ತರು ನಮ್ಮನ್ನು ಒಂದು ಮಾತು ಕೇಳಿದ್ದಾರೆ. ಅಂಗಡಿಯ ಬಾಗಿಲಿಗೆ ಪ್ಲಾಸ್ಟಿಕ್ ಹೂವಿನ ತೋರಣ ಒಮ್ಮೆ ಕಟ್ಟಿದರೆ ನಾಲ್ಕಾರು ದಸರೆ ಸಾಗುತ್ತವೆ. ಚೆಂಡುಹೂವಿನದು ಎರಡೇ ದಿನಕ್ಕೆ ಬಾಡುತ್ತದೆ. ಗುಡಿಗಳಲ್ಲಿ ಹಿರಿಯರು ಕಲ್ಲಿನಲ್ಲೇ ಮಾಲೆ ಕೊರೆದಿದ್ದಾರಲ್ಲ, ಅದು ನಡೆದರೆ ಇದೇಕೆ ನಡೆಯಬಾರದು? ವಾಣಿಜ್ಯ ಓದಿದ ನಮಗೆ ಈ ಲೆಕ್ಕ ತಿಳಿಯದೆ ಇಲ್ಲ. ಒಂದು ಬಂಡವಾಳದ ಬಾಬತ್ತು, ಇನ್ನೊಂದು ವರ್ಷವರ್ಷದ ಖರ್ಚು.

ಕಲ್ಲಿನ ಮಾಲೆ ನಮ್ಮ ನಾಡಿನದಷ್ಟೇ ಅಲ್ಲ. ರೋಮ್ ನಗರದಲ್ಲಿ ಕ್ರಿ.ಪೂ. ೯ರಲ್ಲಿ ಪ್ರತಿಷ್ಠೆಗೊಂಡ ಶಾಂತಿವೇದಿಕೆಯ ಒಳಗೋಡೆಯಲ್ಲಿ, ಎತ್ತಿನ ತಲೆಬುರುಡೆಗಳ ನಡುವೆ ಹಣ್ಣು ಎಲೆಗಳ ದಪ್ಪ ಮಾಲೆಗಳು ಜೋತುಬಿದ್ದಿವೆ. ಆಂಧ್ರದ ಅಮರಾವತಿ ಸ್ತೂಪದ ಕಲ್ಲುಗಳಲ್ಲಿ ಜನರು ಉದ್ದನೆಯ ಮಾಲೆಯನ್ನು ಹೆಗಲ ಮೇಲೆ ಹೊತ್ತು ಸಾಗಿದ್ದಾರೆ. (ಇವು ಯಾವುದರಲ್ಲಿಯೂ ಚೆಂಡುಹೂವು ಇರಲಾರದು. ಅದು ಅಮೆರಿಕ ಖಂಡದ ಗಿಡ, ನಮ್ಮ ಹೊಲಕ್ಕೆ ಬಂದದ್ದು ಬಹಳ ಈಚೆಗೆ.)

ನಮ್ಮ ಪ್ರಶ್ನೆಗೆ ನಿಜವಾದ ಸಾಕ್ಷಿ ಬಾದಾಮಿಯಲ್ಲಿದೆ. ಅಲ್ಲಿಯ ಮೂರನೆಯ ಗುಹೆಯನ್ನು ಚಾಲುಕ್ಯ ಮಂಗಲೇಶನು ಕ್ರಿ.ಶ. ೫೭೮ರಲ್ಲಿ ಪೂರೈಸಿದನು. ಕಂಬಗಳ ಮೇಲೆ ಮುತ್ತಿನ ಸರ, ಬಳ್ಳಿ, ಹೂವು ಎಲ್ಲವೂ ಇವೆ; ಹದಿನಾಲ್ಕು ನೂರು ವರ್ಷಗಳಲ್ಲಿ ಒಂದು ಎಸಳೂ ಬಾಡಿಲ್ಲ. ಆದರೆ ಅದೇ ಗುಹೆಯ ಹತ್ತಿರ ಬಂಡೆಯ ಮೇಲೆ ಅವನದೇ ಒಂದು ಕನ್ನಡ ಶಾಸನವಿದೆ, ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು. ಆ 'ಕಲ್ಮನೆ'ಗೆ ಲಂಜಿಗೇಸರ ಎಂಬ ಊರನ್ನು ದತ್ತಿ ಬಿಟ್ಟಿದ್ದನ್ನು ಅದು ಹೇಳುತ್ತದೆ. ಮಾಲೆಗಾರರ ಪಾಲನ್ನೂ ಹೇಳುತ್ತದೆ. ಇದನ್ನು ಕೆಡಿಸಿದವನು ಏಳನೆಯ ನರಕದ ಹುಳುವಾಗುತ್ತಾನೆಂದು ಶಪಿಸುತ್ತದೆ. ಬಾಡದ ಮಾಲೆಯನ್ನು ಅಷ್ಟೊಂದು ಕೊರೆಸಿದ ಅರಸನೂ ಬಾಡುವ ಮಾಲೆಯನ್ನು ಬಿಡಿಸಲಿಲ್ಲ. ಅದನ್ನು ಕಟ್ಟುವವನ ಹೊಟ್ಟೆಯನ್ನು ಮರೆಯಲಿಲ್ಲ.

ನಮ್ಮ ಊರುಗಳಲ್ಲಿಯೂ ಹೂಗಾರರು ನಸುಕಿನಲ್ಲೆದ್ದು ಮನೆಮನೆಗೆ ಪತ್ರಿ ಹೂವು ಮುಟ್ಟಿಸುತ್ತಿದ್ದರು, ಸುಗ್ಗಿಯಲ್ಲಿ ಕಣದಿಂದ ಅವರಿಗೆ ಆಯ ಸಲ್ಲುತ್ತಿತ್ತು. ಅದು ಭಿಕ್ಷೆಯಲ್ಲ, ಕಾಯಕದ ಪಾಲು. ಪ್ಲಾಸ್ಟಿಕ್ ತೋರಣದಲ್ಲಿ ಆ ಪಾಲು ಯಾರದು? ಮಿರಜ ತಾಲೂಕಿನಲ್ಲಿ ಹೂವು ಬೆಳೆಯುವ ರೈತನಿಗೂ ಇಲ್ಲ, ಕಟ್ಟುವ ತಾಯಿಗೂ ಇಲ್ಲ. ಎಷ್ಟೋ ಮನೆಗಳಲ್ಲಿ ಅಣ್ಣ ಹೊಲದಲ್ಲಿ ಚೆಂಡುಹೂವು ಬೆಳೆಯುತ್ತಾನೆ, ತಮ್ಮ ಪೇಟೆಯ ಅಂಗಡಿಗೆ ಪ್ಲಾಸ್ಟಿಕ್ಕಿನದು ಕಟ್ಟುತ್ತಾನೆ!

ಹಬ್ಬದಲ್ಲಿ ಹೂವಿನ ದರ ಏರುತ್ತದೆ, ಮರುದಿನ ಕಸವಾಗುತ್ತದೆ ಎಂಬ ಮಾತೂ ನಿಜವೇ. ಆ ಕಸವನ್ನು ಕೃಷ್ಣೆಗೆ ಎಸೆಯುವುದನ್ನು ನಾವು ಒಪ್ಪುವುದಿಲ್ಲ. ತಿಪ್ಪೆಗೆ ಹಾಕಿದರೆ ಗೊಬ್ಬರವಾಗುತ್ತದೆ. ೨೦೧೮ರಲ್ಲಿ ಮಹಾರಾಷ್ಟ್ರ ಸರಕಾರ ಅಲಂಕಾರದ ಥರ್ಮಾಕೋಲನ್ನು ನಿಷೇಧಿಸಿತು. ಕಾಯಿದೆಯ ಭಯದಿಂದ ಬಿಡುವುದು ಬೇರೆ, ತಿಳಿದು ಬಿಡುವುದು ಬೇರೆ.

ಕಲ್ಲಿನ ಮಾಲೆ ಹೂವಿನ ಮಾಲೆಯನ್ನು ನೆನಪಿಸುತ್ತದೆ, ಪ್ಲಾಸ್ಟಿಕ್ಕಿನದು ಅದರ ಜಾಗದಲ್ಲಿ ಕೂಡುತ್ತದೆ. ನಮ್ಮ ಅಭಿಪ್ರಾಯದಲ್ಲಿ ಎರಡೂ ಒಂದೇ ಅಲ್ಲ. ಬಾಗಿಲಿಗೆ ಗಾರೆಯಲ್ಲಿ ಹೂಬಳ್ಳಿ ತೆಗೆಸುವವರು ಧಾರಾಳವಾಗಿ ತೆಗೆಸಲಿ, ಗೌಂಡಿಗೂ ಕೆಲಸವಾಗುತ್ತದೆ. ಮೇಲೆ ಒಂದು ಮೊಳೆಯನ್ನೂ ಹೊಡೆಸಿಡಲಿ.

ಹೂವು ಕೊಳ್ಳಲಾಗದ ವರ್ಷ ಮಾವಿನೆಲೆ ಸಾಕು. ಗಿಡ ನೆರೆಯವರದಾದರೆ ಮಾತ್ರ ಕೇಳಿ ಟೊಂಗೆ ಮುರಿಯಬೇಕು.