ಉಪಕಾರವೂ ಹೆಸರೂ

ಕೇಳಿದವನಿಗೆ ತಿಳಿದದ್ದನ್ನು ಹೇಳುವುದು ಉಪಕಾರ. ಹೇಳಿದವನು ನಾನೆಂದು ನಾಲ್ಕು ಜನಕ್ಕೆ ಸಾರುವುದು ಪ್ರಚಾರ. ನೀತಿಗ್ರಂಥಗಳಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇರುತ್ತವೆ. ಲೋಕದಲ್ಲಿ ಮಾತ್ರ ಒಂದೇ ಬಾಯಿಂದ, ಎಷ್ಟೋ ವೇಳೆ ಒಂದೇ ವಾಕ್ಯದಲ್ಲಿ, ಹೊರಬೀಳುತ್ತವೆ.

ನಮ್ಮ ಶಿವಮೊಗ್ಗದಲ್ಲಿ ವಕೀಲರು, ವೈದ್ಯರು, ಎಂಜಿನಿಯರುಗಳು, ಅಡಕೆ ಬೆಳೆಗಾರರು ತಮ್ಮ ತಮ್ಮ ಕೂಟಗಳಲ್ಲಿ ಸೇರುವುದುಂಟು. ಹಿಂದಿನ ಸಾಲಿನಲ್ಲಿ ಕುಳಿತು ಕೇಳುವ ಅಭ್ಯಾಸ ನನ್ನದು. ಯಾರೋ ಹೊಸಬ ಎದ್ದು ತನ್ನ ತೊಡಕನ್ನು ಹೇಳಿಕೊಳ್ಳುತ್ತಾನೆ. ಉತ್ತರ ಕೊಡಲು ಏಳುವವರಲ್ಲಿ ಕೆಲವರು ಅವನ ತೊಡಕಿನಿಂದ ಆರಂಭಿಸುತ್ತಾರೆ, ಕೆಲವರು ತಮ್ಮಿಂದಲೇ ಆರಂಭಿಸುತ್ತಾರೆ. “ಇಂಥವು ನನ್ನ ಕೈಯಲ್ಲಿ ಎಷ್ಟೋ ಆಗಿಹೋಗಿವೆ” ಎಂದು ಮೊದಲಾದ ಮಾತು “ಇಲ್ಲಿ ಬೇಡ, ನಾಳೆ ನಮ್ಮ ಆಫೀಸಿನ ಕಡೆ ಬನ್ನಿ” ಎಂಬಲ್ಲಿ ಮುಗಿಯುತ್ತದೆ. ಉತ್ತರ ಕೇಳಿದವನಿಗೆ ವಿಳಾಸ ಸಿಕ್ಕುತ್ತದೆ.

ಇದನ್ನು ಕಂಡು ನಗುವುದು ಸುಲಭ. ಆದರೆ ಆತನಿಗೂ ಮನೆಬಾಡಿಗೆ ಇದೆ, ಮಕ್ಕಳ ಫೀಸು ಇದೆ. ವೃತ್ತಿಯಲ್ಲಿ ಇರುವವನಿಗೆ ಹೆಸರೇ ಬಂಡವಾಳ. ವಕೀಲರು ಜಾಹೀರಾತು ಕೊಡಕೂಡದೆಂದು ವಕೀಲರ ಪರಿಷತ್ತಿನ ನಿಯಮವಿದೆ. ಬಾಗಿಲಿನ ಬೋರ್ಡು ಕೂಡ ಅಳತೆ ಮೀರಬಾರದು. ಹೀಗಿರುವಾಗ ಹೊಸದಾಗಿ ಕೋಟು ಧರಿಸಿದ ತರುಣನನ್ನು ಊರು ಗುರುತಿಸುವುದು ಹೇಗೆ? ಆತ ವಿನಯದಿಂದ ಬಾಯಿ ಮುಚ್ಚಿ ಕುಳಿತರೆ, ಆಗಲೇ ಹೆಸರು ಮಾಡಿದವರಿಗೇ ಲಾಭ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತೇವೆ, ನಿಜ. ಮೂಲೆಯಲ್ಲಿ ಮುಚ್ಚಿಟ್ಟ ಕೊಡದಲ್ಲಿ ನೀರಿದೆಯೆಂದು ಬಾಯಾರಿದವನಿಗೆ ತಿಳಿಯಬೇಡವೆ?

ಈ ಪ್ರಶ್ನೆ ಎದ್ದಾಗಲೆಲ್ಲ ನನಗೆ ಭದ್ರಾವತಿಯ ನೆನಪಾಗುತ್ತದೆ. ಅಲ್ಲಿನ ಕಬ್ಬಿಣದ ಕಾರ್ಖಾನೆಗೆ ೧೯೧೮ರಲ್ಲಿ ನಾಂದಿಯಾಯಿತು. ಕಾಡಿನ ಸೌದೆಯ ಇದ್ದಲಿನಿಂದ ೧೯೨೩ರಲ್ಲಿ ಕಬ್ಬಿಣ ಕರಗಿ ಬಂತು. ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು ಅದೇ ವರ್ಷ ಕಾರ್ಖಾನೆಯ ಮಂಡಲಿಗೆ ಅಧ್ಯಕ್ಷರಾಗಿ ಬಂದು ೧೯೨೯ರವರೆಗೆ ಹೊಣೆ ಹೊತ್ತರು. ಆ ದುಡಿಮೆಗಾಗಿ ಸರ್ಕಾರದಿಂದ ಬರಬೇಕಾಗಿದ್ದ ಹಣವನ್ನು ಅವರು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕೈಕಸಬು ಕಲಿಸುವ ಶಾಲೆಗೆ ವಿನಿಯೋಗವಾಗಲಿ ಎಂದರು. ೧೯೪೦ರ ದಶಕದಲ್ಲಿ ಬೆಂಗಳೂರಿನಲ್ಲಿ ಅದು ರೂಪುಗೊಂಡಾಗ ತಮ್ಮ ಹೆಸರು ಬೇಡವೆಂದು ಮಹಾರಾಜರ ಹೆಸರನ್ನು ಸೂಚಿಸಿದರು. ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎಂದು ನಾವು ಬಲ್ಲದ್ದು ಅದನ್ನೇ.

ಹೆಸರಿಗೆ ಹೆದರುವ ಸ್ವಭಾವ ಅವರದೆಂದು ಭಾವಿಸಬೇಡಿ. ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ೧೯೦೩ರಲ್ಲಿ ಕೂಡಿಸಿದ ಸ್ವಯಂಚಾಲಿತ ಬಾಗಿಲುಗಳಿಗೆ ತಮ್ಮ ಹೆಸರಿನಲ್ಲಿ ಪೇಟೆಂಟು ಪಡೆದವರು ಅವರೇ. ೧೯೫೧ರಲ್ಲಿ ತಮ್ಮ ದುಡಿಮೆಯ ನೆನಪುಗಳನ್ನು ಪುಸ್ತಕವಾಗಿ ಬರೆದವರೂ ಅವರೇ. ಇದರಲ್ಲಿ ವಿರೋಧವೇನೂ ನನಗೆ ಕಾಣುವುದಿಲ್ಲ. ಅಣೆಕಟ್ಟಿನ ಬಾಗಿಲು ಕೈಕೊಟ್ಟರೆ ಯಾರನ್ನು ಕೇಳಬೇಕೆಂದು ಕೆಳದಂಡೆಯ ಜನಕ್ಕೆ ತಿಳಿದಿರಬೇಕು; ಅಲ್ಲಿ ಹೆಸರು ಜಾಮೀನು. ಶಾಲೆಯ ಗೋಡೆಯ ಮೇಲಾದರೋ ಅದು ಸಂಬಳವಾಗುತ್ತಿತ್ತು. ಹಣದ ರೂಪದ ಸಂಬಳ ಬೇಡವೆಂದವರು ಹೆಸರಿನ ರೂಪದ್ದನ್ನೂ ಬೇಡವೆಂದರು.

ಮಲೆನಾಡಿನ ಇನ್ನೊಂದು ಉದಾಹರಣೆ ನೋಡಿ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್, ಅಡಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ೧೯೧೦ರಲ್ಲಿ ಅದರ ವಿವರಗಳನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಂದ ಬಂದ ಬೋರ್ಡೋ ದ್ರಾವಣವನ್ನು ನಮ್ಮ ಗೊನೆಗಳಿಗೆ ಸಿಂಪಡಿಸಲು ಹೇಳಿಕೊಟ್ಟರು. ೧ ಕಿಲೋ ಮೈಲುತುತ್ತ, ೧ ಕಿಲೋ ಸುಣ್ಣ, ೧೦೦ ಲೀಟರ್ ನೀರು: ಈ ಲೆಕ್ಕ ಇಂದು ತೋಟದವರಿಗೆ ಬಾಯಿಪಾಠ. ಯಾರ ಬಾಗಿಲಿಗೂ ಹೋಗದೆ ಮನೆಯಂಗಳದಲ್ಲೇ ಕದಡಿಕೊಳ್ಳಬಹುದು. ಕೋಲ್ಮನ್ನರ ಹೆಸರು ಹೇಳುವವರು ಮಾತ್ರ ತೋಟಗಳಲ್ಲಿ ವಿರಳ.

ಇಲ್ಲಿ ತರುಣ ವಕೀಲ ನನ್ನನ್ನು ತಡೆಯಬಹುದು: “ಸ್ವಾಮಿ, ಕೋಲ್ಮನ್ನರಿಗೆ ಸರ್ಕಾರದ ಸಂಬಳವಿತ್ತು. ನನಗೆ ಏನಿದೆ?” ಅವನ ಮಾತು ನ್ಯಾಯವಾದದ್ದೇ. ದಾರಿ ಹೇಳುವುದು ಬೇರೆ, ಹೊರೆ ಹೊತ್ತು ಜೊತೆಗೆ ನಡೆಯುವುದು ಬೇರೆ. ಹೊರೆಗೆ ಕೂಲಿ ಕೇಳುವುದರಲ್ಲಿ ನಾಚಿಕೆ ಇಲ್ಲ. ಆದರೆ ಕೂಲಿಯ ಆಸೆಯಿಂದ ಅರ್ಧ ದಾರಿಯನ್ನಷ್ಟೇ ಹೇಳಿ ನಿಲ್ಲಿಸುವುದು ಸಲ್ಲದು. ಕೊಳೆರೋಗದ ಬಗ್ಗೆ ಕೇಳಲು ಬಂದವನ ತೋಟದಲ್ಲಿ ಆಷಾಢದ ಮಳೆ ಸುರಿಯುತ್ತಿರುತ್ತದೆ. ನಮ್ಮ ಆಫೀಸಿನ ವೇಳೆಗಾಗಿ ಅದು ನಿಲ್ಲುವುದಿಲ್ಲ. ಉತ್ತರವನ್ನು ಅಳೆಯಲು ನನಗೆ ತೋಚಿದ ಮಾನ ಇಷ್ಟೇ: ಕೇಳಿದವನು ಮತ್ತೆ ನನ್ನಲ್ಲಿಗೆ ಬಾರದಿದ್ದರೂ ಅವನ ಕೆಲಸ ನಡೆಯುವುದೇ?

ಹೆಸರು ಮರೆಸುವುದೇ ಯಾವಾಗಲೂ ಸದ್ಗುಣವೆಂದೂ ಹೇಳಲಾರೆ. ಔಷಧದ ಅಂಗಡಿ ಇಟ್ಟವನು ಬೆಳೆಗಾರನಂತೆ ಎದ್ದುನಿಂತು ಒಂದು ಔಷಧವನ್ನು ಹೊಗಳಿದರೆ, ಅವನ ಮೌನ ವಿನಯವಲ್ಲ, ಮೋಸ. “ಇದನ್ನು ನಾನು ಮಾರುತ್ತೇನೆ, ಅದನ್ನು ಲೆಕ್ಕಕ್ಕೆ ಹಿಡಿದು ನನ್ನ ಮಾತು ಕೇಳಿ” ಎನ್ನುವವನೇ ಪ್ರಾಮಾಣಿಕ. ಅಲ್ಲಿ ಹೆಸರನ್ನೂ ಕಸುಬನ್ನೂ ಮೊದಲೇ ಹೇಳುವುದು ಸಾಲ ತೀರಿಸಿದಂತೆ.

ಪೂರ್ತಿ ಉತ್ತರ ಕೊಟ್ಟವನ ಹೆಸರನ್ನು ಕೇಳಿದವನೇ ನಾಲ್ಕು ಮನೆಗೆ ಒಯ್ಯುತ್ತಾನೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ಎಷ್ಟೋ ಸಲ ಹಾಗಾಗುತ್ತದೆ. ಭದ್ರಾವತಿಯ ಕಾರ್ಖಾನೆಗೇ ಮುಂದೆ ವಿಶ್ವೇಶ್ವರಯ್ಯನವರ ಹೆಸರು ಬಂತು. ಎಷ್ಟೋ ಸಲ ಹಾಗಾಗುವುದಿಲ್ಲ. ತರುಣನಿಗೆ ಇದನ್ನು ಮರೆಮಾಚದೆ ಹೇಳಬೇಕು. ಹೆಸರು ಬಂದರೂ ಬಾರದಿದ್ದರೂ, ಹೇಳಿಕೊಟ್ಟದ್ದು ಸರಿಯಾಗಿದ್ದರೆ ಗೊನೆ ಉಳಿಯುತ್ತದೆ.