ಬಾಡಿಗೆದಾರಳೂ ಹೌದು, ಯಜಮಾನಿಯೂ ಹೌದು

ಮುಂಬಯಿಯ ಮಾಟುಂಗಾದ ಒಂದು ಮನೆಯಲ್ಲಿ ವಾದ ಎದ್ದದ್ದು 1918ರ ಮುಂಬಯಿ ಬಾಡಿಗೆ ಕಾಯ್ದೆಯ ಬಗ್ಗೆ. ಒಂದು ಕಡೆ ಬಾಡಿಗೆ ಮೊಕದ್ದಮೆಗಳಲ್ಲೇ ತಲೆ ನರೆತ ವಕೀಲರು, ಇನ್ನೊಂದು ಕಡೆ ಗಿರಣಿಗಳ ಇತಿಹಾಸ ಓದುತ್ತಿರುವ ಸೋದರಸೊಸೆ. ಬಾಡಿಗೆಯ ಖೋಲಿಯಲ್ಲಿ ಗಿರಣಿಯ ನಾಲ್ಕಾರು ಜನಕ್ಕೆ ಊಟವನ್ನೂ ಮಲಗಲು ಜಾಗವನ್ನೂ ಕೊಟ್ಟು ಬದುಕುತ್ತಿದ್ದ ಖಾನಾವಳಿಯವಳನ್ನು ಕಾನೂನು ಯಾರೆಂದು ತಿಳಿಯಬೇಕಿತ್ತು?

"ಬಾಡಿಗೆದಾರಳು ಅಂತಲೇ," ಎಂದರು ವಕೀಲರು. "ಪ್ಲೇಗಿನ ನಂತರ 1898ರಲ್ಲಿ ಹುಟ್ಟಿದ ಸುಧಾರಣಾ ಟ್ರಸ್ಟಿನ ಯೋಜನೆಗಳಿಂದ 1918ರ ಹೊತ್ತಿಗೆ 64,000 ಜನ ಮನೆ ಕಳೆದುಕೊಂಡಿದ್ದರು. ಬದಲಿ ಮನೆ ಸಿಕ್ಕಿದ್ದು 14,000 ಮಂದಿಗೆ. ಅಂಥ ಹೊತ್ತಿನಲ್ಲಿ ಕಾಯ್ದೆ 1916ರ ಜನವರಿ 1ರ ಬಾಡಿಗೆಯನ್ನು ಮಟ್ಟವಾಗಿ ಹಿಡಿಯಿತು. ಅಷ್ಟು ಕೊಡಲು ಸಿದ್ಧವಿದ್ದವರನ್ನು ಮಾಲೀಕ ಸುಮ್ಮಸುಮ್ಮನೆ ಎಬ್ಬಿಸುವ ಹಾಗಿರಲಿಲ್ಲ. ಖಾನಾವಳಿಯವಳಿಗೆ ಖೋಲಿ ಹೋದರೆ ಒಲೆಯೂ ಹೋಯಿತಲ್ಲ?"

"ಆದರೆ ಮಾವ, ಮೂಲೆಯಲ್ಲಿ ಚಾಪೆ ಹಾಸುವವನಿಗೆ ಅವಳೇ ಮಾಲೀಕಳು. ಅವಳು ಕೊಡುವ ಬಾಡಿಗೆಗೆ ಕಡಿವಾಣ ಹಾಕಿ, ಅವಳು ಕೇಳುವ ದರವನ್ನು ಹಾಗೇ ಬಿಟ್ಟರೆ ಮನೆಯ ಅಭಾವದ ಲಾಭ ಕೈ ಬದಲಾಯಿಸಿತು, ಅಷ್ಟೆ."

ಈ ಆಕ್ಷೇಪಕ್ಕೆ ತೂಕವಿದೆ. 1901ರ ಜನಗಣತಿಯಂತೆ ಮುಂಬಯಿ ದ್ವೀಪದ ಶೇಕಡ 80ರಷ್ಟು ಜನ ಒಂದೇ ಕೋಣೆಯ ಮನೆಗಳಲ್ಲಿದ್ದರು. ಕೋಣೆಗೆ ಸರಾಸರಿ ನಾಲ್ಕೈದು ಮಂದಿ. ಅಂಥ ಊರಿನಲ್ಲಿ ಮಲಗುವ ಮೂಲೆಗೂ ಬೆಲೆ ಬರುತ್ತದೆ. ಕಾನೂನಿಗೂ ಇದು ತಡವಾಗಿ ಹೊಳೆಯಿತು. 1944ರ ಕಾಯ್ದೆಯ ಹೆಸರಿನಲ್ಲೇ ಬಾಡಿಗೆಯ ಜೊತೆ ಹೋಟೆಲು, ಲಾಡ್ಜಿಂಗ್ ದರಗಳೂ ಸೇರಿಕೊಂಡವು. 1947ರ ಕಾಯ್ದೆಯಲ್ಲಿ ನ್ಯಾಯವಾದ ದರ ಗೊತ್ತುಮಾಡುವ ಅಧಿಕಾರ ಕಂಟ್ರೋಲರಿಗಿತ್ತು. ಉಪದ್ರವ ಕೊಡುವ ವಸತಿಗಾರನನ್ನು ಬಿಡಿಸಲು ಲಾಡ್ಜಿಂಗ್ ನಡೆಸುವವರಿಗೂ ದಾರಿಯಿತ್ತು.

"1947ರ ಕಾಯ್ದೆ ಎರಡೂ ಕಡೆಗೆ ಗಮನ ಕೊಟ್ಟಿತು, ನೋಡಿದೆಯಾ?" ಎಂದರು ವಕೀಲರು.

"ನೋಡಿದೆ. ಆದರೆ ಅದೇ ಕಾಯ್ದೆ ಮಾಲೀಕನ ಒಪ್ಪಿಗೆಯಿಲ್ಲದೆ ಒಳಬಾಡಿಗೆ ಕೊಡಬಾರದು ಅಂದಿತು. 1942ರಲ್ಲಿ ರಾಮ ನಾಯಕರು ಇದೇ ಮಾಟುಂಗಾದಲ್ಲಿ ಶುರು ಮಾಡಿದ ಶ್ರೀಕೃಷ್ಣ ಬೋರ್ಡಿಂಗಿಗೆ ಈ ತೊಡಕಿಲ್ಲ, ಉಂಡವರು ಎದ್ದು ಹೋಗುತ್ತಾರೆ. ಖೋಲಿಯಲ್ಲಿ ಮಲಗಿಸಿಕೊಂಡವಳ ಗತಿ?"

"ಬೀಗದ ಕೈ ಯಾರ ಬಳಿ ಇದೆ ಅಂತ ಕೇಳಬೇಕು. ಬಾಗಿಲು ತೆರೆಯುವುದು, ಪಾತ್ರೆ ಜೋಡಿಸುವುದು, ಯಾರು ಎಲ್ಲಿ ಮಲಗಬೇಕೆಂದು ಹೇಳುವುದು ಅವಳೇ ಆದರೆ ಉಳಿದವರು ವಸತಿಗಾರರು, ಒಳಬಾಡಿಗೆದಾರರಲ್ಲ. ಖೋಲಿ ಅವಳ ಸ್ವಾಧೀನದಲ್ಲೇ ಇದೆ."

"ಸರಿ. ಮುಷ್ಕರ ಬಂದರೆ? 1928ರಲ್ಲಿ ಗಿರಣಿಗಳು ತಿಂಗಳುಗಟ್ಟಲೆ ನಿಂತವು. ಅಂಥ ಹೊತ್ತಿನಲ್ಲಿ ಖಾನಾವಳಿಯವರು ಸಾಲದ ಮೇಲೆ ಬಡಿಸುತ್ತಿದ್ದರು. ಪಗಾರವಿಲ್ಲದವನು ಊಟದ ದುಡ್ಡು ಕೊಡಲಾರ, ಅದು ಬಾರದೆ ಇವಳು ಬಾಡಿಗೆ ಕಟ್ಟಲಾರಳು. ಬಾಡಿಗೆ ಕೊಡಬಲ್ಲವರಿಗೆ ಮಾತ್ರ ರಕ್ಷಣೆ ಅಂದರೆ, ಹಸಿದವನಿಗೆ ಬಡಿಸಿದ ತಪ್ಪಿಗೇ ಅವಳ ರಕ್ಷಣೆ ಹೋಗುತ್ತದಲ್ಲ?"

ವಕೀಲರು ಒಡನೆಯೇ ಉತ್ತರಿಸಲಿಲ್ಲ. ಕಾಯ್ದೆ ಅವಳನ್ನು ಒಂಟಿಯಾಗಿ ಎಣಿಸಿತ್ತು. ಅವಳ ಬಾಡಿಗೆಯೋ, ಉಣ್ಣುವ ಅಷ್ಟೂ ಜನರ ಪಗಾರದಿಂದ ಬರಬೇಕಿತ್ತು.

"ಬಾಕಿಯನ್ನು ಮಾಲೀಕನ ತಲೆಗೆ ಕಟ್ಟಿದರೆ ಅವನು ಖೋಲಿ ಬಾಡಿಗೆಗೇ ಬಿಡುವುದಿಲ್ಲ," ಎಂದರು ಕೊನೆಗೆ. "1918ರ ಕಾಯ್ದೆಯ ನಂತರ ಹಾಗೆಯೇ ಆಯಿತು, ಮನೆಗಳು ಇನ್ನೂ ಕಡಿಮೆಯಾದವು. ಕಂತಿನಲ್ಲಿ ತೀರಿಸಲಿ ಅಂದರೆ ಒಪ್ಪುತ್ತೇನೆ."

"ಸಾಲ ಉಳಿಸಿ ಊರಿಗೆ ಹೋದವನ ಪಾಲನ್ನೂ ಅವಳೇ ತೀರಿಸಬೇಕೇ? ಅವಳ ಅನ್ನ ತಿಂದವರೇ ಮತ್ತೆ ಮಗ್ಗದ ಮುಂದೆ ನಿಂತರು. ಗಿರಣಿಯೂ ಒಂದು ಪಾಲು ಹೊರಲಿ."

"ಅದು ಬಾಡಿಗೆ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ," ಎಂದರು ವಕೀಲರು. ಹಾಗಿದ್ದರೆ ಆ ವ್ಯಾಪ್ತಿಯನ್ನೇ ಹಿಗ್ಗಿಸಬೇಕಿತ್ತು ಎಂಬುದು ಅವಳ ಪಟ್ಟು. ಗಿರಣಿಯ ಪಾಲನ್ನು ಯಾವ ಲೆಕ್ಕದಿಂದ ಗೊತ್ತುಮಾಡುವುದು ಎಂದು ಅವರು ಮರಳಿ ಕೇಳಿದರು. ವಾದ ಅಲ್ಲಿಂದ ಮುಂದುವರಿಯಿತು.