ಗಡ್ಡೆ ತೆಗೆದ ಜಾಗ

ನಂಜನಗೂಡು, ತಿ. ನರಸೀಪುರದ ಕಡೆ ಯಾವುದಾದರೂ ಹೆಣ್ಣುಮಗಳಿಗೆ ಹೊಟ್ಟೆಯ ಆಪರೇಷನ್ ಆಯಿತೆಂದರೆ ನೋಡಲು ಹೋದವರು ಕೇಳುವುದು ಎರಡೇ ಮಾತು: ಗಡ್ಡೆ ಎಷ್ಟು ದಪ್ಪ ಇತ್ತು, ದುಡ್ಡು ಎಷ್ಟಾಯಿತು. ತೆಗೆದ ಜಾಗವನ್ನು ಹೇಗೆ ಮುಚ್ಚಿದರು ಎಂದು ಯಾರೂ ಕೇಳುವುದಿಲ್ಲ. ಆ ಹೆಣ್ಣುಮಗಳ ಮುಂದಿನ ಬದುಕು ನಿಂತಿರುವುದು ಮಾತ್ರ ಅದರ ಮೇಲೆಯೇ.

ಹೊಟ್ಟೆಯ ಗೋಡೆಯಲ್ಲೇ ಹುಟ್ಟುವ ಗಡ್ಡೆಗಳಿವೆ. ಡೆಸ್ಮಾಯ್ಡ್ ಅಂಥದ್ದೊಂದು. ಹೆರಿಗೆಯಾದ ಪ್ರಾಯದ ಹೆಂಗಸರಲ್ಲಿ, ಕೆಲವೊಮ್ಮೆ ಸಿಸೇರಿಯನ್ ಗಾಯದ ಗುರುತಿನಲ್ಲೇ ಅದು ಕಾಣಿಸಿಕೊಳ್ಳುತ್ತದೆ. ಕ್ಯಾನ್ಸರಿನಂತೆ ದೂರದ ಅಂಗಗಳಿಗೆ ಹರಡುವುದಿಲ್ಲ. ಆದರೆ ಸುತ್ತಲ ಸ್ನಾಯುವಿನೊಳಗೆ ಇಳಿದು ಬೆಳೆಯುತ್ತದೆ, ತೆಗೆದರೂ ಮರಳಬಹುದು. ಕೆಲವು ತಾವಾಗಿಯೇ ಕುಗ್ಗುವುದರಿಂದ ಈಗ ವೈದ್ಯರು ಹೆಚ್ಚಾಗಿ ಮೊದಲು ಕಾದು ನೋಡುತ್ತಾರೆ. ಸಾರ್ಕೋಮಾದಂಥ ಕ್ಯಾನ್ಸರ್ ಗಡ್ಡೆಯಾದರೆ ಹಾಗೆ ಕಾಯುವಂತಿಲ್ಲ. ಸುತ್ತಲಿನ ಒಳ್ಳೆಯ ಮಾಂಸವನ್ನೂ ಒಂದಿಷ್ಟು ಸೇರಿಸಿಯೇ ತೆಗೆಯಬೇಕು.

ನನ್ನನ್ನು ಬಹಳ ಕಾಡುವುದು ಇದೇ ಘಟ್ಟ. ಇಷ್ಟಗಲದ ಬಾಯಿಯನ್ನು ಮುಚ್ಚುವುದು ಹೇಗೆ ಎಂಬ ಅಳುಕಿದ್ದರೆ ಕತ್ತಿ ಹಿಡಿದ ಕೈ ತನಗೇ ಗೊತ್ತಿಲ್ಲದೆ ಒಳಗೆ ಸರಿದೀತು, ರೋಗದ ಅಂಚು ಉಳಿದೀತು. ಅದಕ್ಕೇ ದೊಡ್ಡ ಆಸ್ಪತ್ರೆಗಳಲ್ಲಿ ತೆಗೆಯುವವರೂ ಮುಚ್ಚುವ ಪ್ಲಾಸ್ಟಿಕ್ ಸರ್ಜನ್ನರೂ ಮೊದಲೇ ಕೂತು ಯೋಚಿಸುತ್ತಾರೆ. ಮುಚ್ಚಲು ಬಲ್ಲವರು ಪಕ್ಕದಲ್ಲಿದ್ದಾಗ ತೆಗೆಯುವವರು ಎಷ್ಟು ಬೇಕೋ ಅಷ್ಟನ್ನು ಧೈರ್ಯವಾಗಿ ತೆಗೆಯುತ್ತಾರೆ. ಕೆಟ್ಟದ್ದನ್ನು ತೆಗೆಯುವ ಮೊದಲೇ ತೆಗೆದ ಜಾಗದ ಬಗ್ಗೆಯೂ ಯೋಚಿಸುವ ಈ ಬುದ್ಧಿ ನಮ್ಮ ಸಮಾಜಕ್ಕೆ ಇನ್ನೂ ಬಂದಿಲ್ಲ. ಬಾಲ್ಯವಿವಾಹ ತಡೆದ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ. ಆ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತಿದಳೇ ಎಂಬ ಸುದ್ದಿ ಬರುವುದೇ ಇಲ್ಲ.

ಮುಚ್ಚುವ ವಿದ್ಯೆಯೂ ನಿಧಾನವಾಗಿ ಬೆಳೆದದ್ದು. ಅಮೆರಿಕದ ಫ್ರಾನ್ಸಿಸ್ ಅಷರ್ 1950ರ ದಶಕದ ಕೊನೆಯಲ್ಲಿ ಪ್ಲಾಸ್ಟಿಕ್ ಎಳೆಯ ಜಾಲರಿಯನ್ನು ಬಳಕೆಗೆ ತಂದರು. 1990ರಲ್ಲಿ ಆಸ್ಕರ್ ರಾಮಿರೆಜ್ ಮತ್ತು ಸಂಗಡಿಗರು ಪಕ್ಕೆಯ ಸ್ನಾಯುಪದರಗಳನ್ನು ಒಂದರಿಂದೊಂದು ಬಿಡಿಸಿ ನಡುವಿಗೆ ಎಳೆದು ಕೂಡಿಸುವ ಕ್ರಮವನ್ನು ವಿವರಿಸಿದರು. ಚರ್ಮವೂ ಹೋಗಿದ್ದರೆ ತೊಡೆಯಿಂದ ಚರ್ಮ, ಮಾಂಸವನ್ನು ರಕ್ತನಾಳದ ಸಮೇತ ತಂದು ಕೂರಿಸುತ್ತಾರೆ. ಜಾಲರಿ ಹಾಕಿದ ದಿನವೇ ಗೋಡೆ ಆಗಿಬಿಡುವುದಿಲ್ಲ. ಅದರ ಕಣ್ಣುಗಳೊಳಗೆ ನಮ್ಮದೇ ಅಂಗಾಂಶ ಬೆಳೆದು ಹೆಣೆದುಕೊಳ್ಳಬೇಕು, ಅದಕ್ಕೆ ವಾರಗಳು, ತಿಂಗಳುಗಳು ಬೇಕು. ಅಷ್ಟರಲ್ಲೇ ಭಾರ ಬಿದ್ದರೆ, ಕೆಮ್ಮು ಜೋರಾದರೆ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿ ಗಾಯ ನಂಜಾದರೆ ಅಲ್ಲೇ ಹರ್ನಿಯಾ ಆಗಬಹುದು.

ಆ ತಿಂಗಳುಗಳನ್ನು ಕೊಡಬೇಕಾದವರು ಡಾಕ್ಟರಲ್ಲ, ಮನೆಯವರು. ಕಾವೇರಿ, ಕಪಿಲೆಯ ನಾಲೆಗೆ ನೀರು ಬಿಟ್ಟರೆ ನಾಟಿಗೆ ಬಗ್ಗುವವಳು ಆ ಹೆಣ್ಣುಮಗಳೇ, ಹಸುವಿನ ಹುಲ್ಲಿನ ಹೊರೆ ಹೊರುವವಳೂ ಅವಳೇ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಮಲಗಿದ ದಿನಗಳ ಕೂಲಿ ಮಾತ್ರ ಅದರಲ್ಲಿ ಸೇರಿಲ್ಲ. ಆಪರೇಷನ್ನಿಗೆ ದುಡ್ಡು ಕೊಟ್ಟು ವಿಶ್ರಾಂತಿಗೆ ಕೊಡದಿರುವುದು ಅರ್ಧ ಕೆಲಸ ಎಂದೇ ನಾನು ಹೇಳುತ್ತೇನೆ.

ಇನ್ನು ಹರಕೆ. ಆನೆಯ ಕಣ್ಣು ವಾಸಿಯಾದದ್ದಕ್ಕೆ ಟಿಪ್ಪು ಸುಲ್ತಾನ ಹಕೀಂ ನಂಜುಂಡ ಎಂದು ಕರೆದನೆಂಬ ಪ್ರತೀತಿ ಇರುವ ದೇವರು ನಂಜನಗೂಡಿನಲ್ಲಿದ್ದಾನೆ. ಕಾಯಿಲೆ ಬಂದಾಗ ನಮ್ಮವರು ಅವನಿಗೆ ಉರುಳುಸೇವೆ ಹೇಳಿಕೊಳ್ಳುತ್ತಾರೆ. ಆ ನಂಬಿಕೆ ದೊಡ್ಡದು, ಅದನ್ನು ಕದಲಿಸುವ ಮಾತು ನನ್ನದಲ್ಲ. ಆದರೆ ಹೊಲಿಗೆ ಬಿಚ್ಚಿದ ತಿಂಗಳಲ್ಲೇ ಅವಳನ್ನು ಕಲ್ಲಿನ ನೆಲದ ಮೇಲೆ ಉರುಳಿಸಬೇಡಿ. ಡಾಕ್ಟರು ಒಪ್ಪುವ ತನಕ ಹರಕೆ ಕಾಯಲಿ. ತಡೆಯಲಾಗದಿದ್ದರೆ, ಗಂಡನೋ ಮಗನೋ ಅವಳ ಬದಲು ಆ ಸೇವೆ ಮಾಡಲಿ, ಅಷ್ಟು ದಿನ ಹುಲ್ಲಿನ ಹೊರೆಯನ್ನೂ ಅವರೇ ಹೊರಲಿ.